ಆಡದೆ ಉಳಿದ ಮಾತಿನ ವ್ಯಾಕರಣ: ‘ಚೆರ್ರಿ ತೋಟ’ದ ಒಂದು ದೃಶ್ಯದಲ್ಲಿ ಭಾವಸಂಚಾರ ಮತ್ತು ಪಾತ್ರಸ್ವಭಾವ

ಸಾರಾಂಶ

ನಾಟಕದ ಒಂದು ದೃಶ್ಯದೊಳಗೆ ಭಾವ ಬದಲಾಗುವ ಬಗೆಯನ್ನೂ ಪಾತ್ರದ ಸ್ವಭಾವ ಹೊರಪಡುವ ಬಗೆಯನ್ನೂ ವಿವರಿಸುವಾಗ ವಿಮರ್ಶೆಯು ಸಾಮಾನ್ಯವಾಗಿ ‘ಒಳಪಠ್ಯ’ವೆಂಬ ಪರಿಕಲ್ಪನೆಯನ್ನು ಆಶ್ರಯಿಸುತ್ತದೆ. ಆಂಟನ್ ಚೆಕಾಫ್‌ನ ‘ಚೆರ್ರಿ ತೋಟ’ ನಾಟಕದ ನಾಲ್ಕನೆಯ ಅಂಕದಲ್ಲಿ ಲೊಪಾಖಿನ್ ಮತ್ತು ವಾರ್ಯಾ ನಡುವೆ ಬರುವ ಕಿರು ದೃಶ್ಯವನ್ನು ಪ್ರಸ್ತುತ ಲೇಖನ ಸಂಭಾಷಣಾ ವಿಶ್ಲೇಷಣೆಯ ನೆಲೆಯಿಂದ ಪರಿಶೀಲಿಸುತ್ತದೆ. ಮದುವೆಯ ಪ್ರಸ್ತಾಪವೊಂದು ಬಾಯಿಗೆ ಬಾರದೆ ಹೋಗುವ ಈ ದೃಶ್ಯದಲ್ಲಿ ಪ್ರತಿಯೊಂದು ಉಕ್ತಿಯೂ ಬಿಡಿಯಾಗಿ ಸರಿಯಾಗಿದೆ, ಸಭ್ಯವಾಗಿದೆ. ಉಕ್ತಿಗಳ ಸರಣಿ ಮಾತ್ರ ವಿಫಲವಾಗುತ್ತದೆ. ಭಾವದ ಪಲ್ಲಟವೂ ಪಾತ್ರದ ಪರಿಚಯವೂ ಈ ವೈಫಲ್ಯದ ನಿರ್ದಿಷ್ಟ ಸ್ಥಾನಗಳಲ್ಲಿ ಸಂಭವಿಸುತ್ತವೆ ಎಂಬುದು ಇಲ್ಲಿನ ವಾದ. ಇದೇ ದೃಶ್ಯವನ್ನು ಕನ್ನಡಕ್ಕೆ ತರುವಾಗ ಎದುರಾಗುವ ಕೆಲವು ವ್ಯಾಕರಣದ ಆಯ್ಕೆಗಳನ್ನೂ ಲೇಖನದ ಕೊನೆಯಲ್ಲಿ ಚರ್ಚಿಸಲಾಗಿದೆ.

1. ಪ್ರಸ್ತಾವನೆ

ನಾಟಕದ ಪಠ್ಯವೊಂದನ್ನು ತರಗತಿಯಲ್ಲಿ ಓದಿ, ಪಾತ್ರಗಳ ಬಗ್ಗೆ ಬರೆಯಿರಿ ಎಂದರೆ ವಿದ್ಯಾರ್ಥಿಗಳಿಂದ ಬರುವ ಉತ್ತರ ಬಹುಪಾಲು ವಿಶೇಷಣಗಳ ಪಟ್ಟಿಯಾಗಿರುತ್ತದೆ: ಇವನು ಸಂಕೋಚದವನು, ಅವಳು ಅಭಿಮಾನಿ, ಸನ್ನಿವೇಶ ವಿಷಾದಮಯ. ಈ ಹೇಳಿಕೆಗಳು ತಪ್ಪಲ್ಲ. ಆದರೆ ‘ಇದು ನಿಮಗೆ ಯಾವ ಸಾಲಿನಿಂದ ತಿಳಿಯಿತು?’ ಎಂಬ ಮರುಪ್ರಶ್ನೆಗೆ ಉತ್ತರ ಸಿಗುವುದು ವಿರಳ. ಸಂಕೋಚವೆಂಬ ಪದ ಪಠ್ಯದಲ್ಲಿಲ್ಲ, ಅಭಿಮಾನವೆಂಬುದೂ ಇಲ್ಲ. ಓದುಗ ಅದನ್ನು ಎಲ್ಲಿಂದಲೋ ಪಡೆದಿದ್ದಾನೆ. ಆ ‘ಎಲ್ಲಿಂದಲೋ’ ಎಂಬುದನ್ನು ಗುರುತಿಸಿ ತೋರಿಸುವುದು ಭಾಷಾವಿಜ್ಞಾನದ ಕೆಲಸ.

ಭಾರತೀಯ ಕಾವ್ಯಮೀಮಾಂಸೆಗೆ ಈ ಪ್ರಶ್ನೆ ಹೊಸದಲ್ಲ. ನಾಟ್ಯಶಾಸ್ತ್ರವು ಎಂಟು ಸ್ಥಾಯಿಭಾವಗಳ ಜೊತೆಗೆ 33 ವ್ಯಭಿಚಾರಿ ಭಾವಗಳನ್ನು ಹೇಳುವಾಗ, ಬಂದು ಹೋಗುವ ಭಾವಗಳ ಸಂಚಾರವೇ ದೃಶ್ಯದ ಜೀವವೆಂಬ ತಿಳಿವು ಅದರ ಹಿಂದಿದೆ. ಆದರೆ ಯಾವ ಮಾತಿನ ಯಾವ ಸ್ಥಾನದಲ್ಲಿ ಒಂದು ಭಾವ ಇಳಿದು ಮತ್ತೊಂದು ಏರುತ್ತದೆ ಎಂಬ ಸೂಕ್ಷ್ಮ ಲೆಕ್ಕಕ್ಕೆ ಸಂಭಾಷಣೆಯ ರಚನೆಯನ್ನು ಕುರಿತ ಆಧುನಿಕ ಅಧ್ಯಯನಗಳು ಹೆಚ್ಚು ನೆರವಾಗುತ್ತವೆ. ಹಾರ್ವೆ ಸ್ಯಾಕ್ಸ್, ಇಮ್ಯಾನ್ಯುಯೆಲ್ ಶೆಗ್ಲೋಫ್ ಮತ್ತು ಗೇಲ್ ಜೆಫರ್ಸನ್ 1974ರಲ್ಲಿ ಮಾತಿನ ಸರದಿಯನ್ನು ಕುರಿತು ಪ್ರಕಟಿಸಿದ ಲೇಖನದಿಂದ ಬೆಳೆದ ಸಂಭಾಷಣಾ ವಿಶ್ಲೇಷಣೆ, ಎಚ್. ಪಿ. ಗ್ರೈಸ್‌ನ ಸೂಚ್ಯಾರ್ಥ ಸಿದ್ಧಾಂತ, ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅವರ ಸಭ್ಯತೆಯ ಸಿದ್ಧಾಂತ ಇವುಗಳನ್ನು ಈ ಲೇಖನ ಉಪಕರಣವಾಗಿ ಬಳಸುತ್ತದೆ.

ಒಂದು ಎಚ್ಚರಿಕೆ ಅಗತ್ಯ. ನಾಟಕದ ಮಾತು ಸಹಜ ಸಂಭಾಷಣೆಯ ಧ್ವನಿಮುದ್ರಣವಲ್ಲ. ಅದನ್ನು ಒಬ್ಬನೇ ಬರೆದಿದ್ದಾನೆ. ಪಾತ್ರ ಪಾತ್ರಕ್ಕೆ ಆಡುವ ಮಾತು ಏಕಕಾಲದಲ್ಲಿ ನಾಟಕಕಾರ ಪ್ರೇಕ್ಷಕನಿಗೆ ಆಡುವ ಮಾತೂ ಹೌದು. ಆದರೂ ಪ್ರೇಕ್ಷಕ ಆ ಮಾತನ್ನು ಅರ್ಥೈಸಿಕೊಳ್ಳುವುದು ತನ್ನ ನಿತ್ಯದ ಸಂಭಾಷಣೆಯ ಅರಿವಿನಿಂದಲೇ. ನಾಟಕಕಾರ ಆ ಅರಿವನ್ನು ನಂಬಿ ಬರೆಯುತ್ತಾನೆ. ನಮ್ಮ ಉಪಕರಣಗಳು ಇಲ್ಲಿ ಅನ್ವಯವಾಗುವುದು ಈ ಕಾರಣದಿಂದ.

2. ದೃಶ್ಯಕ್ಕೆ ಮುನ್ನ: ನಿರೀಕ್ಷೆಯ ನಿರ್ಮಾಣ

‘ಚೆರ್ರಿ ತೋಟ’ ಮೊದಲು ಪ್ರದರ್ಶನಗೊಂಡದ್ದು 1904ರ ಜನವರಿಯಲ್ಲಿ, ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ. ಚೆಕಾಫ್ ಅದೇ ವರ್ಷದ ಜುಲೈಯಲ್ಲಿ ತೀರಿಕೊಂಡ. ತಾನು ಬರೆದದ್ದು ಕಾಮಿಡಿಯೆಂದು ಆತ ಪಟ್ಟುಹಿಡಿದಿದ್ದ. ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಗೆ ಅದು ದುರಂತವಾಗಿ ಕಂಡಿತ್ತು. ಈ ಭಿನ್ನಾಭಿಪ್ರಾಯ ಕೇವಲ ರಂಗಭೂಮಿಯ ಇತಿಹಾಸಕ್ಕೆ ಸೇರಿದ ಸಂಗತಿಯಲ್ಲ. ಒಂದೇ ದೃಶ್ಯದೊಳಗೆ ಎರಡೂ ಭಾವಗಳಿಗೆ ಪಠ್ಯಾಧಾರವಿರುವುದು ಹೇಗೆ ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದಿಡುತ್ತದೆ.

ಕಥಾಸಂದರ್ಭವನ್ನು ಚಿಕ್ಕದಾಗಿ ನೆನಪಿಸಿಕೊಳ್ಳಬಹುದು. ಸಾಲದಲ್ಲಿ ಮುಳುಗಿದ ರನೇವ್‌ಸ್ಕಾಯಳ ಎಸ್ಟೇಟು ಹರಾಜಾಗುತ್ತದೆ. ಅದನ್ನು ಕೊಳ್ಳುವವನು ಲೊಪಾಖಿನ್. ಅವನ ತಂದೆಯೂ ತಾತನೂ ಅದೇ ಎಸ್ಟೇಟಿನಲ್ಲಿ ಜೀತದಾಳುಗಳಾಗಿದ್ದವರು. ವಾರ್ಯಾ ರನೇವ್‌ಸ್ಕಾಯಳ ಸಾಕುಮಗಳು, ಇಪ್ಪತ್ತನಾಲ್ಕು ವರ್ಷದವಳು, ಇಡೀ ಮನೆಯ ಉಸ್ತುವಾರಿ ಹೊತ್ತವಳು. ಇವರಿಬ್ಬರ ಮದುವೆಯಾಗುತ್ತದೆಂದು ಮನೆಯವರೆಲ್ಲ ಮಾತಾಡಿಕೊಳ್ಳುತ್ತಾರೆ. ಮೊದಲ ಅಂಕದಲ್ಲಿಯೇ ವಾರ್ಯಾ ಈ ಬಗ್ಗೆ ತಂಗಿಯ ಬಳಿ ನಿರಾಶೆಯನ್ನು ತೋಡಿಕೊಳ್ಳುತ್ತಾಳೆ: ಎಲ್ಲರೂ ಅಭಿನಂದಿಸುತ್ತಾರೆ, ಆದರೆ ಅಲ್ಲಿ ಏನೂ ಇಲ್ಲ. ಮೂರನೆಯ ಅಂಕದಲ್ಲಿ ಅವಳು ಇನ್ನೊಂದು ಮುಖ್ಯ ಮಾತನ್ನು ತಾಯಿಗೆ ಹೇಳುತ್ತಾಳೆ. ಲೊಪಾಖಿನ್ ಒಳ್ಳೆಯವನು, ತನಗೆ ಒಪ್ಪಿಗೆ. ಆದರೆ ತಾನಾಗಿ ಹೋಗಿ ಪ್ರಸ್ತಾಪ ಮಾಡಲಾರಳು. ಅಂದರೆ ಪ್ರಸ್ತಾಪವೆಂಬ ನುಡಿಕ್ರಿಯೆಯನ್ನು ನಡೆಸುವ ಹಕ್ಕು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದೆ. ಮುಂದಿನ ದೃಶ್ಯದ ಇಡೀ ಭಾರ ಈ ಅಸಮಾನತೆಯ ಮೇಲೆ ನಿಂತಿದೆ.

ನಾಲ್ಕನೆಯ ಅಂಕದಲ್ಲಿ ಎಲ್ಲರೂ ಹೊರಟು ನಿಂತಾಗ ರನೇವ್‌ಸ್ಕಾಯ ಲೊಪಾಖಿನ್‌ನ ಬಳಿ ವಿಷಯವನ್ನು ನೇರವಾಗಿ ಎತ್ತುತ್ತಾಳೆ. ಅವನು ಒಪ್ಪುತ್ತಾನೆ; ಈಗಲೇ ಮುಗಿಸಿಬಿಡೋಣ ಎನ್ನುತ್ತಾನೆ; ಅವಳಿಲ್ಲದಿದ್ದರೆ ತಾನು ಕೇಳಲಾರೆನೆಂಬ ಅನುಮಾನವನ್ನೂ ಸೇರಿಸುತ್ತಾನೆ. ಇದಕ್ಕೆ ಒಂದು ನಿಮಿಷ ಸಾಕು ಎಂದು ಅವಳು ಹೇಳುತ್ತಾಳೆ. ಸಂದರ್ಭಕ್ಕೆ ಶಾಂಪೇನ್ ಇದೆಯೆಂದು ಅವನು ನೆನಪಿಸಿಕೊಂಡು ನೋಡಿದರೆ ಲೋಟಗಳು ಖಾಲಿ: ಆಳು ಯಾಶಾ ಕುಡಿದು ಮುಗಿಸಿದ್ದಾನೆ. ಸಂಭ್ರಮದ ಸಾಮಗ್ರಿ ಸಂಭ್ರಮಕ್ಕೆ ಮುನ್ನವೇ ಮುಗಿದಿರುವುದು ನಗೆಯ ಸಂಗತಿಯೂ ಹೌದು, ಮುನ್ಸೂಚನೆಯೂ ಹೌದು. ಒಬ್ಬನೇ ಉಳಿದ ಲೊಪಾಖಿನ್ ಗಡಿಯಾರ ನೋಡಿಕೊಳ್ಳುತ್ತಾನೆ. ಬಾಗಿಲ ಹಿಂದೆ ಅದುಮಿಟ್ಟ ನಗು, ಪಿಸುಮಾತು. ಕೊನೆಗೆ ವಾರ್ಯಾ ಒಳಗೆ ಬರುತ್ತಾಳೆ.

ಹೀಗೆ ದೃಶ್ಯ ಆರಂಭವಾಗುವ ಮೊದಲೇ ಒಂದು ನುಡಿಕ್ರಿಯೆಗೆ ಸ್ಥಾನ ಕಾದಿರಿಸಲ್ಪಟ್ಟಿದೆ. ಅವನಿಗೆ ಗೊತ್ತು, ಅವಳಿಗೆ ಗೊತ್ತು, ಬಾಗಿಲ ಹಿಂದಿನವರಿಗೆ ಗೊತ್ತು, ಪ್ರೇಕ್ಷಕನಿಗೂ ಗೊತ್ತು. ಮೌನಕ್ಕೆ ಅರ್ಥ ಬರುವುದು ಇಂಥ ಕಾದಿರಿಸಿದ ಸ್ಥಾನದಲ್ಲಿ ಮಾತ್ರ. ದಾರಿಯಲ್ಲಿ ಹೋಗುವ ಅಪರಿಚಿತ ನಮ್ಮೊಡನೆ ಮಾತಾಡದಿದ್ದರೆ ಅದು ಮೌನವೆನಿಸುವುದಿಲ್ಲ. ‘ನಮಸ್ಕಾರ’ ಎಂದಾಗ ಎದುರಿನವರು ಸುಮ್ಮನಿದ್ದರೆ ಅದು ಮೌನ.

3. ಸರಣಿಯ ಓದು

ಇಬ್ಬರೂ ಎದುರುಬದುರಾಗಿ ಆಡುವುದು ಕೆಲವೇ ಸರದಿ ಮಾತ್ರ. ಅವುಗಳನ್ನು ಅನುಕ್ರಮವಾಗಿ ನೋಡೋಣ.

ವಾರ್ಯಾ ಬಂದವಳೇ ಸಾಮಾನುಗಳ ನಡುವೆ ಏನನ್ನೋ ಬಹಳ ಹೊತ್ತು ಹುಡುಕುತ್ತಾಳೆ, ಸಿಗುತ್ತಿಲ್ಲವೆನ್ನುತ್ತಾಳೆ. ಎಲ್ಲವನ್ನೂ ಬಿಟ್ಟು ಬಾ ಎಂದು ತಾಯಿ ಅವಳನ್ನು ಕೂಗಿ ಕರೆದಿದ್ದಳು. ಹಾಗಾಗಿ ಅವಳು ಈ ಕೋಣೆಗೆ ಬಂದ ಕಾರಣ ಹುಡುಕಾಟವಲ್ಲ. ಆದರೆ ಬಂದ ನಿಜವಾದ ಕಾರಣವನ್ನು ಅವಳು ಒಪ್ಪಿಕೊಳ್ಳುವಂತಿಲ್ಲ. ಹುಡುಕಾಟವು ಅವಳ ಉಪಸ್ಥಿತಿಗೆ ಒಂದು ನೆಪವನ್ನು ಒದಗಿಸುತ್ತದೆ. ಏನನ್ನು ಹುಡುಕುತ್ತಿದ್ದೀರಿ ಎಂದು ಅವನು ಕೇಳುತ್ತಾನೆ. ತಾನೇ ಕಟ್ಟಿಟ್ಟದ್ದು, ನೆನಪಾಗುತ್ತಿಲ್ಲ ಎಂಬುದು ಅವಳ ಉತ್ತರ. ಪ್ರಶ್ನೆ ಕೇಳಿದ್ದು ‘ಏನು’ ಎಂದು. ಉತ್ತರದಲ್ಲಿ ಆ ‘ಏನು’ ಇಲ್ಲ. ವಸ್ತುವಿನ ಹೆಸರು ಕೊನೆಯವರೆಗೂ ಬರುವುದಿಲ್ಲ. ಕರ್ಮಪದವನ್ನು ಬಿಟ್ಟುಕೊಟ್ಟ ಈ ವಾಕ್ಯ ನೆಪವನ್ನು ನೆಪವೆಂದು ಮೆಲ್ಲಗೆ ಬಯಲುಮಾಡುತ್ತದೆ.

ವಿರಾಮದ ನಂತರ ಲೊಪಾಖಿನ್ ಅವಳು ಇನ್ನು ಎಲ್ಲಿಗೆ ಹೋಗುವಳೆಂದು ಕೇಳುತ್ತಾನೆ. ಇದು ದೃಶ್ಯದ ಮುಖ್ಯ ತಿರುವು. ಸಂಭಾಷಣಾ ವಿಶ್ಲೇಷಣೆಯಲ್ಲಿ ಇಂಥ ಮಾತನ್ನು ಪೂರ್ವಸರಣಿ ಎನ್ನುತ್ತಾರೆ: ಮುಂದೆ ಬರಲಿರುವ ಕ್ರಿಯೆಗೆ ದಾರಿ ತೆರೆದಿದೆಯೇ ಎಂದು ಮೊದಲು ಪರೀಕ್ಷಿಸುವ ಮಾತು. ‘ನಾಳೆ ಊರಲ್ಲೇ ಇರುತ್ತೀರಾ?’ ಎಂದು ನಾವು ಕೇಳಿದಾಗ ಕೇಳಿಸಿಕೊಂಡವರು ಅದನ್ನು ಬರಿಯ ವಿಚಾರಣೆಯೆಂದು ತಿಳಿಯುವುದಿಲ್ಲ. ಊಟಕ್ಕೆ ಕರೆಯುವುದೋ ಸಹಾಯ ಕೇಳುವುದೋ ಅದರ ಬೆನ್ನಿಗಿದೆಯೆಂದು ಊಹಿಸುತ್ತಾರೆ. ‘ಇರುತ್ತೇನೆ, ಯಾಕೆ?’ ಎಂದರೆ ದಾರಿ ತೆರೆಯುತ್ತದೆ. ‘ಇಲ್ಲ, ಮೈಸೂರಿಗೆ ಹೊರಟಿದ್ದೇನೆ’ ಎಂದರೆ ಕರೆಯುವವರು ಕರೆಯದೆಯೇ ಹಿಂದೆ ಸರಿಯುತ್ತಾರೆ, ಇಬ್ಬರಿಗೂ ಮುಜುಗರವಾಗುವುದಿಲ್ಲ.

ವಾರ್ಯಾ ಕೊಡುವ ಉತ್ತರ ಎರಡನೆಯ ಬಗೆಯದು. ರಗೂಲಿನ್ ಕುಟುಂಬದವರ ಮನೆವಾರ್ತೆ ನೋಡಿಕೊಳ್ಳಲು ಒಪ್ಪಿಕೊಂಡಾಗಿದೆ ಎನ್ನುತ್ತಾಳೆ. ಮಾತು ಸತ್ಯ, ಪ್ರಶ್ನೆಗೆ ತಕ್ಕದ್ದು, ಬೇಕಾದಷ್ಟೇ ಅಳತೆಯದು. ಗ್ರೈಸ್ ಹೇಳುವ ಸಹಕಾರದ ಯಾವ ಸೂತ್ರವನ್ನೂ ಅದು ಮುರಿಯುವುದಿಲ್ಲ. ಆದರೆ ವ್ಯವಸ್ಥೆ ಆಗಿಹೋಗಿದೆ ಎಂದು ಹೇಳುವ ಮೂಲಕ ಪ್ರಸ್ತಾಪದ ಬಾಗಿಲನ್ನು ಅದು ಮುಚ್ಚುತ್ತದೆ.

ಅವಳು ಬೇರೆ ಏನನ್ನು ಹೇಳಬಹುದಿತ್ತು? ಎಲ್ಲಿಗೆ ಹೋಗಬೇಕೋ ತಿಳಿಯದು ಎಂದಿದ್ದರೆ ಅವನ ಮುಂದಿನ ಮಾತು ಸುಲಭವಾಗುತ್ತಿತ್ತು. ಆದರೆ ಆಗ ಅವಳು ಪ್ರಸ್ತಾಪವನ್ನು ಬೇಡಿ ಪಡೆದಂತಾಗುತ್ತಿತ್ತು. ಎರಡು ವರ್ಷಗಳಿಂದ ಊರೆಲ್ಲ ಮಾತಾಡಿಕೊಂಡ ಮದುವೆಗೆ, ಸ್ವಂತ ಆಸ್ತಿಯಿಲ್ಲದ ಸಾಕುಮಗಳು, ಮನೆ ಬಿಟ್ಟು ಹೊರಡುವ ದಿನ, ಆ ಮನೆಯನ್ನು ಕೊಂಡವನ ಮುಂದೆ ತನಗೆ ದಿಕ್ಕಿಲ್ಲವೆಂದು ಹೇಳಲಾರಳು. ಬ್ರೌನ್ ಮತ್ತು ಲೆವಿನ್ಸನ್ ಅವರ ಪರಿಭಾಷೆಯಲ್ಲಿ ‘ಮುಖ’ವೆನ್ನುವುದನ್ನು ನಮ್ಮ ಆಡುಮಾತು ಮಾನವೆನ್ನುತ್ತದೆ. ಮಾನವನ್ನು ಕಾಯುವ ಉತ್ತರವೇ ಬದುಕಿನ ಬಾಗಿಲನ್ನೂ ಮುಚ್ಚುತ್ತದೆ. ಅಭಿಮಾನಿ ಎಂಬ ವಿಶೇಷಣಕ್ಕೆ ಪಠ್ಯದಲ್ಲಿ ನೆಲೆ ಇರುವುದು ಈ ಸಾಲಿನಲ್ಲಿ.

ಲೊಪಾಖಿನ್ ಆ ಊರು ಎಷ್ಟು ದೂರವೆಂದು ಅಂದಾಜು ಮಾಡುತ್ತಾನೆ, ಬಳಿಕ ಈ ಮನೆಯ ಬದುಕು ಮುಗಿಯಿತೆನ್ನುತ್ತಾನೆ. ಇದು ಎರಡನೆಯ ತೆರಪು. ಒಂದು ಬದುಕು ಮುಗಿಯಿತೆಂಬ ಮಾತಿನ ಬೆನ್ನಿಗೆ ಇನ್ನೊಂದು ಬದುಕಿನ ಪ್ರಸ್ತಾಪ ಸಹಜವಾಗಿ ಬರಬಹುದಾಗಿತ್ತು. ವಾರ್ಯಾ ಮತ್ತೆ ಹುಡುಕುತ್ತ, ಅದನ್ನು ಪೆಟ್ಟಿಗೆಯಲ್ಲಿ ಇಟ್ಟೆನೇನೋ ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತ, ಅವನ ಮಾತನ್ನು ಪೂರ್ಣವಾಗಿ ಒಪ್ಪುತ್ತಾಳೆ. ಇನ್ನು ಆ ಬದುಕು ಇರದು ಎಂದೂ ಸೇರಿಸುತ್ತಾಳೆ. ಒಪ್ಪಿಗೆ ಸಾಮಾನ್ಯವಾಗಿ ಮಾತನ್ನು ಮುಂದಕ್ಕೊಯ್ಯುತ್ತದೆ. ಇಲ್ಲಿ ಒಪ್ಪಿಗೆ ಎಷ್ಟು ಸಂಪೂರ್ಣವೆಂದರೆ ಅದಕ್ಕೆ ಸೇರಿಸಲು ಏನೂ ಉಳಿಯುವುದಿಲ್ಲ.

ಇಲ್ಲಿಂದ ಸೋಲು ಲೊಪಾಖಿನ್‌ನದು. ತಾನು ಇದೇ ರೈಲಿನಲ್ಲಿ ಖಾರ್ಕೊವ್‌ಗೆ ಹೊರಟಿದ್ದೇನೆ, ಕೆಲಸ ಬಹಳವಿದೆ, ಇಲ್ಲಿ ಎಪಿಖೊದೊವ್‌ನನ್ನು ನೇಮಿಸಿದ್ದೇನೆ ಎನ್ನುತ್ತಾನೆ. ಅವಳು ತನ್ನ ವ್ಯವಸ್ಥೆ ಹೇಳಿದಂತೆ ಅವನೂ ತನ್ನ ವ್ಯವಸ್ಥೆ ಹೇಳಿದ್ದಾನೆ. ಎರಡು ಬೇರೆ ದಾರಿಗಳು ಮಾತಿನಲ್ಲಿ ಸ್ಥಿರಗೊಂಡವು. ಅವಳಿಂದ ಬರುವುದು ಒಂದು ಪುಟ್ಟ ಉದ್ಗಾರ. ಈಗ ಅವನು ಹವಾಮಾನಕ್ಕೆ ಇಳಿಯುತ್ತಾನೆ: ಕಳೆದ ವರ್ಷ ಈ ಹೊತ್ತಿಗೆ ಹಿಮ ಬೀಳುತ್ತಿದ್ದುದು ನೆನಪಿದೆಯೇ, ಈಗ ಬಿಸಿಲಿದೆ, ಆದರೂ ಚಳಿ, ಶೂನ್ಯಕ್ಕಿಂತ ಮೂರು ಡಿಗ್ರಿಯಷ್ಟು ಕೆಳಗೆ. ಈ ಮಾತಿನೊಳಗೆ ಮೂರನೆಯ ತೆರಪೊಂದು ಅಡಗಿದೆ. ನೆನಪಿದೆಯೇ ಎಂಬುದು ಇಬ್ಬರೂ ಹಂಚಿಕೊಂಡ ಕಾಲವನ್ನು ಕರೆಯುವ ಮಾತು. ವಾರ್ಯಾ ಅದಕ್ಕೆ ಉತ್ತರಿಸುವುದಿಲ್ಲ. ಉಕ್ತಿಯ ಕೊನೆಯ, ಅತ್ಯಂತ ಕ್ಷುಲ್ಲಕವಾದ ಭಾಗಕ್ಕೆ, ಡಿಗ್ರಿಗೆ ಮಾತ್ರ ಉತ್ತರ ಕೊಡುತ್ತಾಳೆ: ತಾನು ನೋಡಲಿಲ್ಲ. ವಿರಾಮ. ಆಮೇಲೆ, ನಮ್ಮ ಥರ್ಮಾಮೀಟರ್ ಒಡೆದಿದೆ ಎಂದು ಸೇರಿಸುತ್ತಾಳೆ. ಮತ್ತೆ ವಿರಾಮ. ಹೊರಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗುತ್ತಾರೆ. ಆ ಕೂಗಿಗಾಗಿಯೇ ಕಾದಿದ್ದವನಂತೆ ಅವನು ಓಗೊಟ್ಟು ಬೇಗನೆ ಹೊರಟುಹೋಗುತ್ತಾನೆ. ವಾರ್ಯಾ ನೆಲದ ಮೇಲೆ ಕುಳಿತು ಬಟ್ಟೆಯ ಗಂಟಿನ ಮೇಲೆ ತಲೆಯಿಟ್ಟು ಸದ್ದಿಲ್ಲದೆ ಅಳುತ್ತಾಳೆ.

ಲೊಪಾಖಿನ್ ತಪ್ಪಿಸಿಕೊಂಡ ಎಂಬುದು ಈ ದೃಶ್ಯದ ಬಗೆಗಿನ ರೂಢಿಯ ಓದು. ಸರಣಿಯನ್ನು ಗಮನಿಸಿದರೆ ಮೂರು ಬಾರಿಯೂ ದಾರಿ ತೆರೆಯಲು ಯತ್ನಿಸಿದವನು ಅವನೇ. ಹಾಗೆಂದು ತಪ್ಪನ್ನು ವಾರ್ಯಾಳ ಮೇಲೆ ಹೊರಿಸಲೂ ಬಾರದು; ಕೇಳುವ ಹಕ್ಕಿಲ್ಲದವಳಿಗೆ ಉಳಿದಿದ್ದುದು ಮಾನದಿಂದ ಉತ್ತರಿಸುವ ದಾರಿಯೊಂದೇ. ಅವನು ಪೂರ್ವಸರಣಿಯನ್ನು ಮೀರಿ ಪ್ರಸ್ತಾಪಕ್ಕೆ ಜಿಗಿಯಲಾರ. ಅವಳು ಪೂರ್ವಸರಣಿಗೆ ಅನುಕೂಲದ ಉತ್ತರ ಕೊಡಲಾರಳು. ಸಭ್ಯತೆಯಿಂದ ಒಬ್ಬರಿಗೊಬ್ಬರು ತಪ್ಪಿಸಿಕೊಳ್ಳುವ ದಾರಿಯನ್ನು ಒದಗಿಸುತ್ತ ಹೋಗುತ್ತಾರೆ. ಕೊನೆಗೆ ಇಬ್ಬರೂ ಆ ದಾರಿಯಲ್ಲೇ ಹೊರಬೀಳುತ್ತಾರೆ.

4. ಎಣಿಕೆಯ ಮನುಷ್ಯ, ವಸ್ತುಗಳ ಒಡತಿ

ಪಾತ್ರದ ಸ್ವಭಾವ ಒಂದೇ ದೃಶ್ಯದಲ್ಲಿ ಹುಟ್ಟುವುದಿಲ್ಲ. ಹಿಂದಿನ ದೃಶ್ಯಗಳಲ್ಲಿ ರೂಢಿಯಾದ ಮಾತಿನ ಮಾದರಿ ಒಂದೆಡೆ ಬದಲಾದಾಗ ಅದು ಎದ್ದು ಕಾಣುತ್ತದೆ.

ಲೊಪಾಖಿನ್ ಎಣಿಕೆಯ ಮನುಷ್ಯ. ಇದೇ ಅಂಕದ ಆರಂಭದಲ್ಲಿ ರೈಲಿಗೆ ನಲವತ್ತಾರು ನಿಮಿಷವಿದೆ, ಇನ್ನು ಇಪ್ಪತ್ತು ನಿಮಿಷದಲ್ಲಿ ಹೊರಡಬೇಕು ಎಂದು ಲೆಕ್ಕ ಹೇಳಿದವನು. ಹವಾಮಾನದ ಮಾತನ್ನೂ ಅಲ್ಲಿಯೇ ಒಮ್ಮೆ ಆಡಿದ್ದ: ಅಕ್ಟೋಬರ್ ಆದರೂ ಬೇಸಗೆಯಂತೆ ಬಿಸಿಲಿದೆ, ಕಟ್ಟಡ ಕಟ್ಟಲು ಒಳ್ಳೆಯದು. ಅಲ್ಲಿ ಬಿಸಿಲಿಗೆ ಪ್ರಯೋಜನವಿತ್ತು. ವಾರ್ಯಾಳ ಮುಂದೆ ಅದೇ ಬಿಸಿಲು ಪ್ರಯೋಜನವನ್ನು ಕಳೆದುಕೊಂಡು ಬರಿಯ ಮಾತಾಗಿ ಉಳಿದಿದೆ. ಇನ್ನೊಂದು ಸೂಕ್ಷ್ಮ ವ್ಯಾಕರಣದ್ದು. ರಷ್ಯನ್ ಭಾಷೆಯಲ್ಲಿ ಸಂಖ್ಯಾವಾಚಕ ಮೊದಲು, ನಾಮಪದ ಅನಂತರ ಬರುವುದು ಸಾಮಾನ್ಯ ಕ್ರಮ. ಕ್ರಮವನ್ನು ತಿರುಗಿಸಿ ನಾಮಪದವನ್ನು ಮುಂದಿಟ್ಟರೆ ಸಂಖ್ಯೆ ಅಂದಾಜಿನದಾಗುತ್ತದೆ. ನಿಮಿಷಗಳನ್ನು ಹೇಳುವಾಗ ಲೊಪಾಖಿನ್ ಖಚಿತ ಕ್ರಮವನ್ನು ಬಳಸುತ್ತಾನೆ. ವಾರ್ಯಾಳೊಡನೆ ಆಡುವ ಎರಡು ಸಂಖ್ಯೆಗಳೂ, ಎಪ್ಪತ್ತು ವೆರ್ಸ್ತ್ ದೂರ (ಸುಮಾರು 75 ಕಿಲೋಮೀಟರ್) ಮತ್ತು ಮೂರು ಡಿಗ್ರಿ ಚಳಿ, ತಿರುಗಿಸಿದ ಕ್ರಮದಲ್ಲಿವೆ. ಲೆಕ್ಕದಲ್ಲಿ ನಿಸ್ಸೀಮನಾದವನು ಇಲ್ಲಿ ಅಂದಾಜಿಗೆ ಇಳಿದಿದ್ದಾನೆ. ಅವನ ಅಳುಕನ್ನು ನಾಟಕಕಾರ ಪದಕ್ರಮದಲ್ಲಿ ಬರೆದಿದ್ದಾನೆ.

ವಾರ್ಯಾ ವಸ್ತುಗಳ ಒಡತಿ. ಮೊದಲ ಅಂಕದಲ್ಲಿ ಅವಳ ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿದೆ. ಎಸ್ಟೇಟು ಲೊಪಾಖಿನ್‌ನ ಪಾಲಾದಾಗ ಮೂರನೆಯ ಅಂಕದಲ್ಲಿ ಅವಳು ಅದನ್ನು ನೆಲಕ್ಕೆ ಬಿಸಾಡುತ್ತಾಳೆ. ಮನೆಯಲ್ಲಿ ಯಾವುದು ಎಲ್ಲಿದೆಯೆಂದು ಬಲ್ಲವಳು ತಾನೇ ಇಟ್ಟದ್ದನ್ನು ಈಗ ಕಾಣಲಾರಳು. ಹುಡುಕಾಟ ನೆಪವೆಂಬುದು ನಿಜ. ಅದು ಅವಳ ಸ್ಥಿತಿಯ ಚಿತ್ರವೂ ಆಗಿದೆ. ತನ್ನ ಮುಂದಿನ ಕೆಲಸವನ್ನು ಹೇಳುವಾಗಲೂ ಅವಳು ಮನೆವಾರ್ತೆಯವಳೆಂಬ ಪದದ ಬೆನ್ನಿಗೆ ‘ಶ್ತೊ ಲಿ’ ಎಂಬ ಅವ್ಯಯವನ್ನು ಸೇರಿಸುತ್ತಾಳೆ. ಕನ್ನಡದ ‘-ಓ ಏನೋ’ ಎಂಬುದಕ್ಕೆ ಅದು ಸಮೀಪ. ಒಪ್ಪಂದ ಖಚಿತ, ತಾನು ಅಲ್ಲಿ ಯಾರಾಗಿ ಇರುತ್ತೇನೆಂಬುದು ಅನಿಶ್ಚಿತ. ಒಡತಿಯಂತೆ ಬಾಳಿದವಳು ಸಂಬಳದವಳಾಗುವುದನ್ನು ಪೂರ್ತಿಯಾಗಿ ಉಚ್ಚರಿಸಲಾರಳೆಂಬುದನ್ನು ಈ ಒಂದು ಅವ್ಯಯ ತಿಳಿಸುತ್ತದೆ.

ಸಂಬೋಧನೆಯೂ ಗಮನಾರ್ಹ. ಮನೆಯವರಿಗೆಲ್ಲ ವಾರ್ಯಾ ಆಗಿರುವವಳನ್ನು ಲೊಪಾಖಿನ್ ಇಲ್ಲಿ ಪೂರ್ಣ ಹೆಸರು ಮತ್ತು ಪಿತೃನಾಮದೊಂದಿಗೆ, ಗೌರವ ಬಹುವಚನದಲ್ಲಿ ಮಾತಾಡಿಸುತ್ತಾನೆ. ಅವಳು ಸಾಮಾನ್ಯ ಮನೆತನದಿಂದ ಬಂದವಳೆಂದು ರನೇವ್‌ಸ್ಕಾಯ ಎರಡನೆಯ ಅಂಕದಲ್ಲಿ ಹೇಳಿರುತ್ತಾಳೆ. ಹುಟ್ಟಿನಿಂದ ಅವನಿಗೂ ಅವಳಿಗೂ ಇರುವ ಅಂತರ ಅಂಥ ದೊಡ್ಡದಲ್ಲ. ಅಂತರವನ್ನು ಇಟ್ಟಿರುವುದು ಭಾಷೆ.

5. ಭಾವದ ಏರಿಳಿತ

ದೃಶ್ಯದ ಭಾವಗಳನ್ನು ಈಗ ಅವುಗಳ ಸ್ಥಾನಗಳೊಂದಿಗೆ ಗುರುತಿಸಬಹುದು. ಖಾಲಿ ಲೋಟ ಮತ್ತು ಬಾಗಿಲ ಹಿಂದಿನ ಪಿಸುಮಾತಿನಲ್ಲಿ ಹಾಸ್ಯ ಮತ್ತು ಔತ್ಸುಕ್ಯ, ಹುಡುಕಾಟದಲ್ಲಿ ಮುಜುಗರ, ಎಲ್ಲಿಗೆ ಎಂಬ ಪ್ರಶ್ನೆಯಲ್ಲಿ ಆಸೆ, ಮುಗಿದ ಬದುಕಿನ ಮಾತಿನಲ್ಲಿ ವಿಷಾದ. ಹವಾಮಾನದ ಮಾತಿನಲ್ಲಿ ಭಾವ ಹಠಾತ್ತನೆ ಕ್ಷುಲ್ಲಕಕ್ಕೆ ಇಳಿಯುತ್ತದೆ, ಪ್ರೇಕ್ಷಕ ನಗಬಹುದು. ಆದರೆ ಥರ್ಮಾಮೀಟರಿನ ಮಾತಿಗೆ ಮುಂಚೆಯೂ ಆಮೇಲೆಯೂ ಬರುವ ವಿರಾಮಗಳು ಆ ನಗುವಿಗೆ ನಿಲ್ಲಲು ನೆಲ ಕೊಡುವುದಿಲ್ಲ. ಅತ್ಯಂತ ಸಪ್ಪೆಯಾದ ಮಾತಿನ ಮೇಲೆ ಅತ್ಯಂತ ಭಾರವಾದ ಮೌನವನ್ನು ಇಟ್ಟಿರುವುದು ನಾಟಕಕಾರನ ಲೆಕ್ಕ. ದುಃಖದ ಪದ ಒಂದೂ ಬಳಕೆಯಾಗದೆ ದುಃಖ ತುಂಬಿಕೊಳ್ಳುತ್ತದೆ.

ಒಂದು ಪದದ ಪುನರಾವರ್ತನೆ ಇಡೀ ದೃಶ್ಯವನ್ನು ಕಟ್ಟುತ್ತದೆ. ಪ್ರಸ್ತಾಪಕ್ಕೆ ಒಂದು ನಿಮಿಷ ಸಾಕೆಂದು ರನೇವ್‌ಸ್ಕಾಯ ಹೇಳಿದ್ದಳು. ಹೊರಗಿನ ಕೂಗಿಗೆ ಲೊಪಾಖಿನ್ ಓಗೊಡುವ ಮಾತಿನಲ್ಲೂ ರಷ್ಯನ್ ಭಾಷೆಯ ಅದೇ ‘ನಿಮಿಷ’ವಿದೆ. ಪ್ರಸ್ತಾಪಕ್ಕೆ ಮೀಸಲಾಗಿದ್ದ ನಿಮಿಷ ತಪ್ಪಿಸಿಕೊಳ್ಳುವುದಕ್ಕೆ ಖರ್ಚಾಗಿದೆ.

ಚೆಕಾಫ್ ಅಳುವಿನ ಮೇಲೂ ದೃಶ್ಯವನ್ನು ನಿಲ್ಲಿಸುವುದಿಲ್ಲ. ತಾಯಿ ಎಚ್ಚರಿಕೆಯಿಂದ ಒಳಬಂದಾಗ ವಾರ್ಯಾ ಕಣ್ಣೊರೆಸಿಕೊಂಡು, ರೈಲು ತಪ್ಪದಿದ್ದರೆ ಇಂದೇ ರಗೂಲಿನ್‌ರ ಮನೆ ತಲುಪುತ್ತೇನೆಂದು ಹೇಳುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ಅವಳು ಗಂಟಿನಿಂದ ಕೊಡೆಯೊಂದನ್ನು ಎಳೆಯುವಾಗ ಹೊಡೆಯಲು ಎತ್ತಿದಂತೆ ಕಾಣುತ್ತದೆ. ಲೊಪಾಖಿನ್ ಹೆದರಿದಂತೆ ನಟಿಸುತ್ತಾನೆ. ಹಿಂದಿನ ಅಂಕದಲ್ಲಿ ಅವಳು ಬೇರೆಯವನಿಗೆ ಬೀಸಿದ ಕೋಲಿನ ಪೆಟ್ಟು ಆಗಷ್ಟೇ ಒಳಬರುತ್ತಿದ್ದ ಅವನಿಗೆ ಒದಗಿತ್ತೆಂಬುದು ಪ್ರೇಕ್ಷಕನಿಗೆ ನೆನಪಾಗುತ್ತದೆ. ಅದರ ಬೆನ್ನಿಗೆ ಅವಳು ವಸ್ತುವೊಂದನ್ನು ಕಂಡುಕೊಳ್ಳುತ್ತಾಳೆ: ವಿದ್ಯಾರ್ಥಿ ತ್ರೊಫಿಮೊವ್ ಹುಡುಕುತ್ತಿದ್ದ ಗೆಲೋಶ್, ಅಂದರೆ ಬೂಟಿನ ಮೇಲೆ ತೊಡುವ ರಬ್ಬರ್ ಪಾದರಕ್ಷೆ. ಅದು ಎಷ್ಟು ಹಳತಾಗಿದೆ, ಎಷ್ಟು ಕೊಳೆಯಾಗಿದೆ ಎನ್ನುವಾಗ ಅವಳ ಕಣ್ಣಲ್ಲಿ ನೀರಿದೆ. ತನ್ನದು ಸಿಗದವಳಿಗೆ ಇನ್ನೊಬ್ಬರದು ಸಿಕ್ಕಿದೆ. ತನ್ನ ಪಾಲಿನ ಕಣ್ಣೀರಿಗೆ ಹಳೆಯ ಪಾದರಕ್ಷೆಯ ನೆಪ ಒದಗಿದೆ. ಕಾಮಿಡಿಯೆಂದ ಚೆಕಾಫ್‌ನೂ ದುರಂತವೆಂದ ಸ್ಟಾನಿಸ್ಲಾವ್‌ಸ್ಕಿಯೂ ಬೇರೆಬೇರೆ ದೃಶ್ಯಗಳನ್ನು ಕುರಿತು ಮಾತಾಡುತ್ತಿರಲಿಲ್ಲ.

6. ಕನ್ನಡಕ್ಕೆ ಬರುವಾಗ

ಮೇಲಿನ ವಿಶ್ಲೇಷಣೆ ಸರಿಯಾದರೆ, ಅನುವಾದಕರು ಉಳಿಸಬೇಕಾದುದು ಪದಗಳ ಅರ್ಥಕ್ಕಿಂತ ಸರಣಿಯ ಸ್ಥಾನಗಳನ್ನು. ಕನ್ನಡದ ವ್ಯಾಕರಣ ಕೆಲವೆಡೆ ಇದಕ್ಕೆ ಅನುಕೂಲ, ಕೆಲವೆಡೆ ತೊಡಕು.

ಅಂದಾಜಿನ ಸಂಖ್ಯೆಗೆ ಕನ್ನಡದಲ್ಲಿ ಒಳ್ಳೆಯ ಉಪಾಯವಿದೆ. ‘ಆಗುತ್ತದೆ’ ಎಂಬುದರ ಬದಲು ‘ಆದೀತು’ ಎಂಬ ಸಂಭಾವನಾರೂಪ ಬಳಸಿದರೆ ಖಚಿತತೆ ಕರಗಿ ಊಹೆ ಉಳಿಯುತ್ತದೆ. ಹಿಂದೆ ನಿಮಿಷಗಳನ್ನು ಎಣಿಸುವಾಗ ಲೊಪಾಖಿನ್ ಬಾಯಲ್ಲಿ ‘ಇದೆ’, ‘ಬೇಕು’ಗಳಿದ್ದು ಇಲ್ಲಿ ಮಾತ್ರ ‘ಆದೀತು’ ಬಂದರೆ ಮೂಲದ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ‘ಸುಮಾರು’ ಎಂಬ ಪದವನ್ನು ಸೇರಿಸಿದರೆ ಅರ್ಥ ಬಂದರೂ ಅಳುಕು ಬಾರದು.

ಮನೆಯ ಬದುಕು ಮುಗಿದ ಮಾತನ್ನು ಅವನು ಕ್ರಿಯಾಪದ ಮುಂದಿಟ್ಟು ಹೇಳುತ್ತಾನೆ, ಅವಳು ಕರ್ತೃವನ್ನು ಮುಂದಿಟ್ಟು ಹೇಳುತ್ತಾಳೆ. ಅವನದು ಹೊಸದಾಗಿ ಕಂಡ ಸಂಗತಿ, ಅವಳದು ಮೊದಲೇ ತಿಳಿದ ಸಂಗತಿಯ ದೃಢೀಕರಣ. ಬರಹದ ಕನ್ನಡ ಕ್ರಿಯಾಪದವನ್ನು ಕೊನೆಗಿಡುವುದರಿಂದ ಎರಡೂ ಒಂದೇ ಆಗಿಬಿಡುವ ಅಪಾಯವಿದೆ. ಆಡುಗನ್ನಡದಲ್ಲಿ ಕ್ರಿಯಾಪದದ ನಂತರ ಕರ್ತೃವನ್ನು ತರುವುದು ಸಹಜವಾದ್ದರಿಂದ ರಂಗಪಠ್ಯ ಅದನ್ನು ಬಳಸಿಕೊಳ್ಳಬಹುದು.

ಥರ್ಮಾಮೀಟರಿನ ‘ನಮ್ಮ’ ಎಂಬುದು ಇನ್ನಷ್ಟು ಸೂಕ್ಷ್ಮ. ಮನೆ ಈಗ ಲೊಪಾಖಿನ್‌ನದು. ಆದರೂ ವಾರ್ಯಾ ‘ನಮ್ಮಲ್ಲಿ’ ಎಂಬರ್ಥದ ಪದವನ್ನು ಬಳಸುತ್ತಾಳೆ. ಈ ‘ನಾವು’ ಹೊರಟುನಿಂತ ಹಳೆಯ ಮನೆಯವರೋ, ಅಥವಾ ನೀವು-ನಾನು ಎಂಬ, ಆಗದೆ ಹೋದ ‘ನಾವು’ವೋ? ತೆಲುಗಿನ ‘ಮನಮು-ಮೇಮು’, ತಮಿಳಿನ ‘ನಾಮ್-ನಾಂಗಳ್’, ತುಳುವಿನ ‘ನಮ-ಎಂಕುಳು’ ಜೋಡಿಗಳು ಕೇಳುಗನನ್ನು ಒಳಗೊಳ್ಳುವ ಮತ್ತು ಹೊರಗಿಡುವ ಭೇದವನ್ನು ಕಡ್ಡಾಯಗೊಳಿಸುತ್ತವೆ. ಆ ಭಾಷೆಗಳ ಅನುವಾದಕ ಇಲ್ಲಿ ತೀರ್ಮಾನ ಮಾಡಲೇಬೇಕು. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ, ರಷ್ಯನ್ ಭಾಷೆಯಲ್ಲೂ ಇಲ್ಲ. ಹಾಗಾಗಿ ಮೂಲದ ಅನಿಶ್ಚಿತತೆ ಕನ್ನಡದಲ್ಲಿ ನಷ್ಟವಿಲ್ಲದೆ ಉಳಿಯುತ್ತದೆ. ವಾಕ್ಯ ಸಹಜವಾಗಲೆಂದು ‘ನಮ್ಮ’ವನ್ನು ಕೈಬಿಟ್ಟರೆ ಮಾತ್ರ ನಷ್ಟ ದೊಡ್ಡದು.

ಓಗೊಡುವ ಮಾತಿಗೆ ಕನ್ನಡದ ಸಹಜ ರೂಪ ‘ಬಂದೆ’. ಇನ್ನೂ ಬಾರದವನು ಬಂದಾಯಿತೆನ್ನುವ ಈ ಭೂತಕಾಲದ ಪ್ರಯೋಗ ಲೊಪಾಖಿನ್‌ನ ಅವಸರಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ನಿಮಿಷದ ಅನುರಣನ ಕಳೆದುಹೋಗುತ್ತದೆ. ‘ಒಂದು ನಿಮಿಷ’ ಎಂದರೆ ಕನ್ನಡದಲ್ಲಿ ‘ತಡೆಯಿರಿ’ ಎಂಬರ್ಥ ಬಂದು ಭಾವ ತಿರುಗುಮುರುಗಾಗುತ್ತದೆ. ‘ಈ ನಿಮಿಷ ಬಂದೆ’ ಎಂದರೆ ಎರಡೂ ಉಳಿದಾವು.

7. ಸಮಾರೋಪ

ಒಳಪಠ್ಯವೆಂಬ ಪರಿಕಲ್ಪನೆ ನಟರಿಗೆ ಉಪಯುಕ್ತ. ಆದರೆ ಅರ್ಥವೆಲ್ಲ ಮಾತಿನ ಅಡಿಯಲ್ಲೆಲ್ಲೋ ಹುದುಗಿದೆಯೆಂದು ಅದು ಸೂಚಿಸುವುದರಿಂದ ಮಾತನ್ನೇ ಗಮನಿಸುವ ಅಗತ್ಯ ಕಡಿಮೆಯಾದಂತೆ ತೋರುತ್ತದೆ. ಈ ದೃಶ್ಯದಲ್ಲಿ ಅಡಿಯಲ್ಲಿ ಹುದುಗಿದ್ದು ಏನೂ ಇಲ್ಲ. ಎಲ್ಲವೂ ಮೇಲ್ಮೈಯಲ್ಲಿಯೇ ಇದೆ: ಕಾದಿರಿಸಿದ ಒಂದು ಸ್ಥಾನ, ಅದರ ಸುತ್ತ ತೆರೆದು ಮುಚ್ಚಿದ ಮೂರು ಪೂರ್ವಸರಣಿಗಳು, ತಿರುಗಿಸಿದ ಪದಕ್ರಮ, ಒಂದು ಅವ್ಯಯ, ಒಂದು ಸರ್ವನಾಮ. ಲೊಪಾಖಿನ್ ವಾರ್ಯಾಳನ್ನು ಪ್ರೀತಿಸುತ್ತಿದ್ದನೇ ಎಂಬ ಪ್ರಶ್ನೆಗೆ ಈ ವಿಶ್ಲೇಷಣೆ ಉತ್ತರ ಕೊಡುವುದಿಲ್ಲ;

ಪಠ್ಯವೂ ಕೊಡುವುದಿಲ್ಲ. ಅದು ತೋರಿಸುವುದು ಇಷ್ಟನ್ನು: ಒಳ್ಳೆಯವರಿಬ್ಬರು, ಒಬ್ಬರ ಮಾನವನ್ನೊಬ್ಬರು ಕಾಯುತ್ತ, ಪ್ರತಿ ಮಾತಿಗೂ ಸರಿಯಾದ ಉತ್ತರವನ್ನೇ ಕೊಡುತ್ತ, ಆಡಲೇಬೇಕಾಗಿದ್ದ ಒಂದು ಮಾತನ್ನು ಆಡದೆ ಹೋಗಬಲ್ಲರು.

‘ನಿಮಗೆ ಇದು ಯಾವ ಸಾಲಿನಿಂದ ತಿಳಿಯಿತು?’ ಎಂಬ ತರಗತಿಯ ಪ್ರಶ್ನೆಗೆ ಮರಳುವುದಾದರೆ, ಸಂಕೋಚವನ್ನೂ ಅಭಿಮಾನವನ್ನೂ ಈಗ ಬೆರಳಿಟ್ಟು ತೋರಿಸಬಹುದು. ಮೊದಲನೆಯದು ಎಪ್ಪತ್ತರ ಅಂದಾಜಿನಲ್ಲಿದೆ. ಎರಡನೆಯದು ರಗೂಲಿನ್‌ರ ಮನೆಯ ಉತ್ತರದಲ್ಲಿದೆ. ಕನ್ನಡದ ನಾಟಕಗಳ ಸಂಭಾಷಣೆಯನ್ನೂ ಇದೇ ಬಗೆಯಲ್ಲಿ, ಸರದಿ ಸರದಿಯಾಗಿ ಓದಿ ನೋಡುವ ಕೆಲಸ ನಮ್ಮ ಮುಂದಿದೆ. ‘ಆದೀತು’, ‘ಏನೋ’, ‘ಬಂದೆ’ಗಳಂಥ ರೂಪಗಳು ವ್ಯಾಕರಣ ಪುಸ್ತಕದಲ್ಲಿ ಪ್ರತ್ಯಯಗಳಾಗಿ ಮಾತ್ರ ಕಾಣುತ್ತವೆ. ಅವು ಎಷ್ಟು ಭಾರವನ್ನು ಹೊರಬಲ್ಲವೆಂಬುದು ಗೊತ್ತಾಗುವುದು ರಂಗದ ಮೇಲೆ ಇಬ್ಬರನ್ನು ನಿಲ್ಲಿಸಿ ಮಾತಾಡಿಸಿದಾಗ.